ಸುದ್ದಿತಾಣ ಇಮೇಲ್ ಕೇಳಿದಾಗ ಯಾವ ವಿಳಾಸ ಕೊಡಬೇಕು?

'ಮುಂದೆ ಓದಲು ನೋಂದಾಯಿಸಿ' ಎನ್ನುವ ತಾಣಗಳಿಗೆ ಬ್ಯಾಂಕು, ಆಧಾರ್‌ಗೆ ಕೊಟ್ಟಿರುವ ಇಮೇಲ್ ವಿಳಾಸ ಕೊಡಲೇಬೇಡಿ. ತಾಣಕ್ಕೊಂದು ವಿಳಾಸ ಇಟ್ಟುಕೊಳ್ಳಿ. ಸ್ಪ್ಯಾಮ್ ಬರತೊಡಗಿದರೆ ಯಾರ ಕಡೆಯಿಂದ ಸೋರಿದೆ ಎಂಬುದು ತಕ್ಷಣ ತಿಳಿಯುತ್ತದೆ, ಆ ಒಂದನ್ನು ಮುಚ್ಚಿದರಾಯಿತು.

ಜಿಮೇಲ್ ಇದ್ದರೆ ಇದಕ್ಕೆ ಹೊಸ ಖಾತೆ ಬೇಡ. ವಿಳಾಸದಲ್ಲಿ @ ಚಿಹ್ನೆಗೆ ಮುಂಚೆ + ಹಾಕಿ, ಅದರ ಬಲಕ್ಕೆ ತಾಣದ ಹೆಸರು ಬರೆಯಿರಿ (ಉದಾ: yourname+sitename@gmail.com). ಪತ್ರಗಳೆಲ್ಲ ನಿಮ್ಮ ಹಳೆಯ ಇನ್‌ಬಾಕ್ಸ್‌ಗೇ ಬರುತ್ತವೆ. ಆಮೇಲೆ ಅವನ್ನು ತಾನಾಗಿ ಬೇರೆಡೆ ಸೇರಿಸುವ ಫಿಲ್ಟರ್ ಮಾಡಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು (ಮೊಬೈಲ್ ಆ್ಯಪ್‌ನಲ್ಲಿ ಫಿಲ್ಟರ್ ಮಾಡಲಾಗದು) ಹುಡುಕು ಪಟ್ಟಿಯ ಬಲತುದಿಯ ಗುರುತನ್ನು ಒತ್ತಿ. 'ಟು' ಜಾಗದಲ್ಲಿ ಆ + ವಿಳಾಸ ತುಂಬಿ, 'ಕ್ರಿಯೇಟ್ ಫಿಲ್ಟರ್' ಒತ್ತಿ, 'ಸ್ಕಿಪ್ ದಿ ಇನ್‌ಬಾಕ್ಸ್' ಮತ್ತು ಲೇಬಲ್ ಎರಡನ್ನೂ ಆರಿಸಿ. ದೃಢೀಕರಣದ ಪತ್ರವೂ ಆ ಲೇಬಲ್‌ಗೇ ಹೋಗಿರುತ್ತದೆ, ಅಲ್ಲಿ ಹುಡುಕಿ.

ಆದರೆ ಇದೊಂದನ್ನೇ ನಂಬಬೇಡಿ. ಕೆಲವು ಫಾರ್ಮ್‌ಗಳು + ಇರುವ ವಿಳಾಸವನ್ನು ತಪ್ಪೆಂದು ತಿರಸ್ಕರಿಸುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, + ಇಂದ @ ವರೆಗಿನದನ್ನು ಅಳಿಸಿದರೆ ನಿಮ್ಮ ನಿಜವಾದ ವಿಳಾಸವೇ ಉಳಿಯುತ್ತದೆ. ಸ್ಪ್ಯಾಮ್ ಕಳಿಸುವವರಿಗೆ ಇದು ಚೆನ್ನಾಗಿ ಗೊತ್ತು. ತಾಣದ ಮೇಲೆ ಅನುಮಾನವಿದ್ದರೆ ಫೈರ್‌ಫಾಕ್ಸ್ ರಿಲೇ ಅಥವಾ ಡಕ್‌ಡಕ್‌ಗೋದ ಇಮೇಲ್ ಪ್ರೊಟೆಕ್ಷನ್ ಬಳಸಿ. ಇವು ಬೇರೆಯೇ ವಿಳಾಸ ಕೊಟ್ಟು, ಅಲ್ಲಿಗೆ ಬಂದ ಪತ್ರಗಳನ್ನು ನಿಮಗೆ ದಾಟಿಸುತ್ತವೆ. ಸಾಕೆನಿಸಿದಾಗ ಆ ವಿಳಾಸವನ್ನೇ ನಿಲ್ಲಿಸಬಹುದು. ರಿಲೇ ಕೆಲವು ವಿಳಾಸಗಳನ್ನು ಉಚಿತವಾಗಿ ಕೊಡುತ್ತದೆ.

ಮೇಲಿನೇಟರ್‌ನಂಥ ತಾತ್ಕಾಲಿಕ ವಿಳಾಸ ಒಂದೇ ಒಂದು ಲೇಖನಕ್ಕೆ ಸಾಕು. ಅದರ ಉಚಿತ ಇನ್‌ಬಾಕ್ಸ್ ಸಾರ್ವಜನಿಕ, ವಿಳಾಸ ಊಹಿಸಿದ ಯಾರು ಬೇಕಾದರೂ ಓದಬಹುದು. ಹಣ ಕೊಟ್ಟ ಚಂದಾಗೆ ಇದನ್ನು ಬಳಸಿದರೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಬೇರೆಯವರಿಗೂ ಸಿಕ್ಕಿ ಖಾತೆ ಕೈತಪ್ಪಬಹುದು.

'ಗೂಗಲ್ ಮೂಲಕ ಸೈನ್ ಇನ್' ಗುಂಡಿ ಒತ್ತಿದರೆ ನಿಮ್ಮ ಹೆಸರು, ಫೋಟೊ, ನಿಜವಾದ ಇಮೇಲ್ ಮೂರೂ ತಾಣಕ್ಕೆ ಸೇರುತ್ತವೆ. ಆ್ಯಪಲ್ ಗುಂಡಿಯಲ್ಲಾದರೆ 'ಹೈಡ್ ಮೈ ಇಮೇಲ್' ಆರಿಸಿ ನಿಜವಾದ ವಿಳಾಸ ಮುಚ್ಚಿಡುವ ಅವಕಾಶವಿದೆ.

ಭಾರತದಲ್ಲಿ ಹೆಚ್ಚು ಕಾಡುವುದು ಮೊಬೈಲ್ ನಂಬರ್. ಅದು ಕಡ್ಡಾಯವಲ್ಲದಿದ್ದರೆ ಖಾಲಿ ಬಿಡಿ. 'ಕೊಡುಗೆಗಳನ್ನು ಕಳಿಸಿ', 'ವಾಟ್ಸ್‌ಆ್ಯಪ್ ಅಪ್‌ಡೇಟ್' ಎಂಬ ಚೌಕಗಳಲ್ಲಿ ಮೊದಲೇ ಟಿಕ್ ಇರಬಹುದು, ತೆಗೆದುಹಾಕಿ. 1909ಕ್ಕೆ 'ಸ್ಟಾರ್ಟ್ 0' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಸ್‌ಎಂಎಸ್ ಮಾಡಿ ಡಿಎನ್‌ಡಿ (ಜಾಹೀರಾತು ಕರೆ, ಸಂದೇಶಗಳಿಗೆ ತಡೆ) ಹಾಕಿಸಿಕೊಂಡಿದ್ದರೂ, ನೀವೇ ಒಪ್ಪಿಗೆ ಕೊಟ್ಟ ಸಂಸ್ಥೆಯ ಸಂದೇಶಗಳನ್ನು ಅದು ತಡೆಯುವುದಿಲ್ಲ. ಆ ಟಿಕ್ ಮುಖ್ಯವಾಗುವುದು ಇದಕ್ಕೇ.

ಈಗಾಗಲೇ ಪತ್ರಗಳು ಬರುತ್ತಿದ್ದರೆ? ನೀವೇ ನೋಂದಾಯಿಸಿದ, ಗೊತ್ತಿರುವ ಪತ್ರಿಕೆಯದಾದರೆ ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಗೊತ್ತಿಲ್ಲದವರ ಪತ್ರದೊಳಗಿನ ಲಿಂಕ್ ಮುಟ್ಟಬೇಡಿ; ಮುಟ್ಟಿದರೆ ನಿಮ್ಮ ವಿಳಾಸ ಬಳಕೆಯಲ್ಲಿದೆ ಎಂದು ಅವರಿಗೆ ಖಚಿತವಾಗುತ್ತದೆ. 'ರಿಪೋರ್ಟ್ ಸ್ಪ್ಯಾಮ್' ಒತ್ತಿ ಬಿಟ್ಟುಬಿಡಿ.