ಮುಂಮೆದುಳಿನ ಕೋಲಿನರ್ಜಿಕ್ ನರಕೋಶ ಹುಟ್ಟಿದ್ದು ಯಾವ ದಿನ? ಇಡಿಯು ಗುರುತಿನಿಂದ ಪತ್ತೆ ಮಾಡುವ ಬಗೆ

ಇಡಿಯು ಎಂದರೆ ವಿಭಜಿಸುತ್ತಿರುವ ಕೋಶದ ಡಿಎನ್‌ಎಗೆ ಸೇರಿಕೊಳ್ಳುವ ಗುರುತು. ಚುಚ್ಚಿದ ದಿನ ಕೊನೆಯ ಸಲ ವಿಭಜಿಸಿ ಹುಟ್ಟಿದ ನರಕೋಶದಲ್ಲಿ ಅದು ಉಳಿದುಬಿಡುತ್ತದೆ. ವಯಸ್ಕ ಮೌಸ್‌ನ (ಪ್ರಯೋಗಾಲಯದ ಚಿಕ್ಕ ಇಲಿ) ಮುಂಮೆದುಳಿನಲ್ಲಿ ಕೋಲಿನರ್ಜಿಕ್ ಕೋಶಗಳು, ಅಂದರೆ ಅಸೆಟೈಲ್‌ಕೋಲಿನ್ ಬಳಸಿ ಸಂದೇಶ ಕಳಿಸುವ ನರಕೋಶಗಳು, ಸೆಪ್ಟಮ್, ಡಯಾಗನಲ್ ಬ್ಯಾಂಡ್, ನ್ಯೂಕ್ಲಿಯಸ್ ಬೇಸಾಲಿಸ್, ಸ್ಟ್ರೈಟಮ್ ಎಂಬ ಭಾಗಗಳಲ್ಲಿ ಚದುರಿರುತ್ತವೆ. ಇವುಗಳ ತವರು ಭ್ರೂಣದ ಮಿದುಳಿನ ತಳಭಾಗ: ಎಂಜಿಇ (ನರಕೋಶ ಹುಟ್ಟಿಸುವ ಒಳಬದಿಯ ಉಬ್ಬು), ಪ್ರಿಆಪ್ಟಿಕ್ ಪ್ರದೇಶ, ಸೆಪ್ಟಮ್‌ನ ಮೂಲಪದರ. ಅಲ್ಲಿ ಎನ್‌ಕೆಎಕ್ಸ್2-1 ಜೀನ್ ಕೆಲಸ ಮಾಡದಿದ್ದರೆ ಈ ಕೋಶಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಮೌಸ್‌ನಲ್ಲಿ ಇವು ಹುಟ್ಟುವುದು ಗರ್ಭದ ಸುಮಾರು 11ರಿಂದ 15ನೇ ದಿನದೊಳಗೆ, ಹಿಂಬದಿಯವು ಮೊದಲು, ಮುಂಬದಿಯವು ಆಮೇಲೆ. ಹಾಗಾಗಿ 10.5ರಿಂದ 14.5ರವರೆಗೆ ಪ್ರತಿ ದಿನಕ್ಕೂ ಇಡಿಯು ಚುಚ್ಚಲು ಬೇರೆ ತಾಯಿ ಬೇಕು. ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಕೈಗೆ ಬಂದ ಮೇಲೆಯೇ ಜೋಡಿ ಕೂಡಿಸಿ. ಬೆಳಿಗ್ಗೆ ಪ್ಲಗ್ (ಕೂಡಿದ ಗುರುತಾಗಿ ಯೋನಿಯಲ್ಲಿ ಉಳಿಯುವ ಗಟ್ಟಿ ಬೆಣೆ) ಕಂಡ ದಿನವನ್ನು 0.5 ಎಂದು ಬರೆದುಕೊಳ್ಳಿ. ಇಲ್ಲಿ ಅರ್ಧ ದಿನ ತಪ್ಪಿದರೂ ಮುಂದಿನ ಲೆಕ್ಕವೆಲ್ಲ ವಾಲುತ್ತದೆ.

ಇಡಿಯು ಪ್ರಮಾಣ ಕೆಜಿಗೆ 50 ಮಿಗ್ರಾಂ. 5 ಮಿಗ್ರಾಂ/ಮಿಲೀ ದ್ರಾವಣವಾದರೆ 30 ಗ್ರಾಂ ತಾಯಿಗೆ 0.3 ಮಿಲೀ, ಹೊಟ್ಟೆಯೊಳಕ್ಕೆ ಒಂದೇ ಸಲ. ಸೂಜಿ ಆಳಕ್ಕೆ ಹೋದರೆ ಗರ್ಭಕೋಶಕ್ಕೆ ಚುಚ್ಚುತ್ತದೆ, ಮರಿಗಳು ಉಳಿಯುವುದಿಲ್ಲ. ಬಿಆರ್‌ಡಿಯು ಎಂಬ ಹಳೆಯ ಗುರುತಿನ ಬದಲು ಇಡಿಯು ಏಕೆಂದರೆ, ಬಿಆರ್‌ಡಿಯುಗೆ ಬೇಕಾದ ಆಸಿಡ್ ಉಪಚಾರದಲ್ಲಿ ಚಾಟ್ ಬಣ್ಣ ಸೊರಗುತ್ತದೆ. ಚಾಟ್ ಎಂದರೆ ಅಸೆಟೈಲ್‌ಕೋಲಿನ್ ತಯಾರಿಸುವ ಕಿಣ್ವ, ಈ ಕೋಶಗಳ ಗುರುತುಚೀಟಿ.

ಮರಿಗಳಿಗೆ 30 ದಿನವಾದಾಗ 4% ಪ್ಯಾರಾಫಾರ್ಮಾಲ್ಡಿಹೈಡ್‌ನಿಂದ ಪರ್ಫ್ಯೂಸ್ ಮಾಡಿ (ಹೃದಯದ ಮೂಲಕ ರಕ್ತನಾಳಗಳಿಗೆ ಹರಿಸಿ), ಮಿದುಳನ್ನು ಅದರಲ್ಲೇ 4 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ, ಹೆಚ್ಚು ಬೇಡ. ಆಮೇಲೆ 30% ಸುಕ್ರೋಸ್‌ನಲ್ಲಿ ಮುಳುಗುವವರೆಗೆ ಬಿಟ್ಟು 40 ಮೈಕ್ರಾನ್ ಸೀಳುಗಳನ್ನು ತೆಗೆದು, ಪ್ರತಿ ಆರನೆಯದನ್ನು ಬಳಸಿ.

ಇಡಿಯುಗೆ ಹೊಳೆಯುವ ಬಣ್ಣ ಅಂಟಿಸುವ ಕ್ಲಿಕ್ ಮಿಶ್ರಣದಲ್ಲಿ ಅನುಕ್ರಮ ಮುಖ್ಯ: ಟ್ರಿಸ್ ಬಫರ್, ಕಾಪರ್ ಸಲ್ಫೇಟ್, ಅಝೈಡ್ ಡೈ, ಕಟ್ಟಕಡೆಗೆ 100 ಮಿಲಿಮೋಲಾರ್ ಆಸ್ಕಾರ್ಬಿಕ್ ಆಸಿಡ್. ಕತ್ತಲಲ್ಲಿ 30 ನಿಮಿಷ. ಆಸ್ಕಾರ್ಬಿಕ್ ಆಸಿಡ್ ಹಳದಿಗೆ ತಿರುಗಿದ್ದರೆ ಚೆಲ್ಲಿ, ಹೊಸದನ್ನು ಕರಗಿಸಿ. ತೊಳೆದ ಮೇಲೆ ಚಾಟ್ ಪ್ರತಿಕಾಯ ಹಾಕಿ. ಚಾಟ್‌ಗೆ ಹೆಚ್ಚು ಬಳಕೆಯಲ್ಲಿರುವ ಪ್ರತಿಕಾಯ ಮೇಕೆಯಿಂದ ಬಂದದ್ದು. ಬ್ಲಾಕ್ ಮಾಡಲು (ಪ್ರತಿಕಾಯ ಬೇಡದ ಕಡೆ ಅಂಟದಂತೆ ತಡೆಯಲು) ಮೇಕೆ ಸೀರಮ್ ಬಳಸಿದಿರೋ, ಆಂಟಿ-ಗೋಟ್ ಸೆಕೆಂಡರಿ (ಮೇಕೆಯ ಪ್ರತಿಕಾಯವನ್ನು ಹಿಡಿದು ಹೊಳೆಯುವ ಎರಡನೇ ಪ್ರತಿಕಾಯ) ಆ ಸೀರಮ್‌ಗೇ ಅಂಟಿ ಇಡೀ ಸೀಳು ಹೊಳೆಯುತ್ತದೆ. ಕತ್ತೆ ಸೀರಮ್ ಬಳಸಿ. ಮೇಕೆಯಲ್ಲಿ ತಯಾರಾದ ಬೇರೆ ಸೆಕೆಂಡರಿಯನ್ನೂ ಜೊತೆಗೆ ಸೇರಿಸಬೇಡಿ.

ಎಣಿಕೆ ನಿಧಾನದ ಕೆಲಸ. ಚಾಟ್ ಬಣ್ಣ ಕೋಶದ ಒಡಲನ್ನು ತುಂಬುತ್ತದೆ, ನಡುವೆ ನ್ಯೂಕ್ಲಿಯಸ್ ಮಾತ್ರ ಕಪ್ಪು ತೂತಿನಂತೆ ಉಳಿಯುತ್ತದೆ. ಇಡಿಯು ಹೊಳಪು ಆ ತೂತನ್ನೇ ತುಂಬಿರಬೇಕು. ಪಕ್ಕಕ್ಕೆ ಒತ್ತಿ ಕುಳಿತ ಗ್ಲಿಯಾ ಕೋಶದ (ನರಕೋಶಕ್ಕೆ ಆಸರೆಯಾಗುವ ಕೋಶ) ನ್ಯೂಕ್ಲಿಯಸ್ ಮೇಲಿಂದ ನೋಡಿದರೆ ಅದೇ ಎನಿಸುತ್ತದೆ. ಕಾನ್‌ಫೋಕಲ್‌ನಲ್ಲಿ ಮೇಲೆ ಕೆಳಗೆ ಜಾರಿಸಿ ನೋಡದೆ ಒಪ್ಪಬೇಡಿ. ಚುಕ್ಕಿ ಚುಕ್ಕಿಯಾಗಿ ಹೊಳೆದರೆ ಇಡಿಯು ಹಿಡಿದ ಮೇಲೂ ಮೂಲಕೋಶ ಇನ್ನಷ್ಟು ಸಲ ವಿಭಜಿಸಿದೆ ಎಂದರ್ಥ, ಅದನ್ನು ಆ ದಿನದ ಖಾತೆಗೆ ಸೇರಿಸುವಂತಿಲ್ಲ. ಕಾರ್ಟೆಕ್ಸ್‌ನಲ್ಲಿ ಚಾಟ್ ಜೊತೆ ವಿಐಪಿ ಎಂಬ ಪೆಪ್ಟೈಡ್ ಇರುವ ಕೋಶಗಳು ಸಿಜಿಇಯಿಂದ (ಹಿಂಬದಿಯ ಉಬ್ಬು) ಬಂದವು, ಬೇರೆ ಪಟ್ಟಿಯಲ್ಲಿಡಿ. ಅಂಕಿಅಂಶದಲ್ಲಿ ಒಂದು ತಾಯಿಯ ಮರಿಗಳೆಲ್ಲ ಸೇರಿ ಒಂದೇ ಮಾದರಿ.

ಇಷ್ಟರಿಂದ ಹುಟ್ಟಿದ ದಿನ ಸಿಕ್ಕಿತು, ಊರು ಸಿಗಲಿಲ್ಲ. ಊರಿಗೆ ಎನ್‌ಕೆಎಕ್ಸ್2-1-ಕ್ರೀ ಮೌಸ್ ಮತ್ತು ರಿಪೋರ್ಟರ್ ಬೇಕು: ಎನ್‌ಕೆಎಕ್ಸ್2-1 ನಡೆಯುವ ಕೋಶಗಳಲ್ಲಿ ಕ್ರೀ ಎಂಬ ಕಿಣ್ವ ತಯಾರಾಗಿ, ರಿಪೋರ್ಟರ್ ಜೀನನ್ನು ಹೊತ್ತಿಸಿ ಆ ಕೋಶಗಳನ್ನೂ ಅವುಗಳ ಸಂತತಿಯನ್ನೂ ಹೊಳೆಯಿಸುತ್ತದೆ. ಆದರೆ ಹೆಚ್ಚು ಬಳಕೆಯಲ್ಲಿರುವ ತಳಿಯಲ್ಲಿ ಎಂಜಿಇಯ ಮೇಲ್ತುದಿಯಲ್ಲಿ ಕ್ರೀ ಅರೆಬರೆಯಾಗಿ ನಡೆಯುತ್ತದೆ. ಆದ್ದರಿಂದ ಹೊಳೆಯದ ಚಾಟ್ ಕೋಶವನ್ನು ‘ಬೇರೆ ಊರಿನದು’ ಎಂದು ತೀರ್ಮಾನಿಸಬೇಡಿ.

ವಲಸೆಯ ದಾರಿಯನ್ನು ಭ್ರೂಣದಲ್ಲೇ ನೋಡಬೇಕು. ಅಲ್ಲಿ ಚಾಟ್ ತೀರ ಮಂಕು. ಎಲ್‌ಎಚ್‌ಎಕ್ಸ್8 ಮತ್ತು ಐಲೆಟ್1 ಎಂಬ ಎರಡು ಗುರುತು ಪ್ರೋಟೀನ್‌ಗಳನ್ನೂ ಒಟ್ಟಿಗೆ ಬಣ್ಣಿಸಿ. ಐಲೆಟ್1 ಒಂದೇ ಸಾಲದು, ಎಲ್‌ಜಿಇಯಿಂದ (ಹೊರಬದಿಯ ಉಬ್ಬು) ಬರುವ ಸ್ಟ್ರೈಟಮ್‌ನ ಪ್ರೊಜೆಕ್ಷನ್ ನರಕೋಶಗಳಲ್ಲೂ ಅದಿರುತ್ತದೆ. ಎಂಜಿಇ ಬಿಟ್ಟ ಮೇಲೂ ಎನ್‌ಕೆಎಕ್ಸ್2-1 ಉಳಿಸಿಕೊಂಡ ನರಕೋಶಗಳು ಸ್ಟ್ರೈಟಮ್ ಸೇರುತ್ತವೆ. ಕಾರ್ಟೆಕ್ಸ್‌ಗೆ ಹೊರಟವು ಆ ಜೀನನ್ನು ನಿಲ್ಲಿಸಿ, ನ್ಯೂರೋಪಿಲಿನ್ ಎಂಬ ಗ್ರಾಹಕವನ್ನು ತೋರಿಸಿ, ಸ್ಟ್ರೈಟಮ್‌ನ ಸೆಮಫೋರಿನ್ ಎಂಬ ದೂರ ತಳ್ಳುವ ಪ್ರೋಟೀನ್‌ಗೆ ಹಿಮ್ಮೆಟ್ಟಿ ಸ್ಟ್ರೈಟಮನ್ನು ಸುತ್ತಿಕೊಂಡು ಹೋಗುತ್ತವೆ.