ಎರಡು ಮುಖದ ಗಾಡಿ: ಇಟಲಿಯ ಎಬಿ 41 ಮಾಡೆಲ್ ಮಾಡುವುದು ಹೇಗೆ

ಎಬಿ 41 ಅಂದರೆ ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನ್ಯ ಗಸ್ತಿಗೆ ಬಳಸಿದ ಕವಚದ ಗಾಡಿ. ನಾನು ಮಾಡಿದ ಅದರ ಮೊದಲ ಮಾಡೆಲ್ ನೋಡಲು ಚೆನ್ನಾಗಿಯೇ ಇತ್ತು. ಮಗಳು ಅದನ್ನು ದಪ್ಪ ಡಿಕ್ಷನರಿಯೊಂದರ ಮೇಲೆ ಹತ್ತಿಸಲು ಹೋದಳು. ಅರ್ಧ ಹತ್ತಿ ಅಂಚಿನಲ್ಲೇ ಸಿಕ್ಕಿಕೊಂಡಿತು. ಕಾರಣ ಪಕ್ಕದಲ್ಲಿ ನೇತಾಡುವ ಸ್ಟೆಪ್ನಿಗಳು. ಅವನ್ನು ನಾನು ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದೆ. ನಿಜವಾದ ಗಾಡಿಯಲ್ಲಿ ಅವು ಸುಮ್ನೆ ನೇತುಹಾಕಿದ ಚಕ್ರಗಳಲ್ಲ, ತಿರುಗುತ್ತವೆ. ದಿಬ್ಬ ಹತ್ತುವಾಗ ಹೊಟ್ಟೆ ನೆಲಕ್ಕೆ ತಾಗದಂತೆ ಅವೇ ಉರುಳಿಕೊಂಡು ದಾಟಿಸುತ್ತವೆ. ಹಾಗಾಗಿ ಮೊದಲ ಮಾತು: ಸ್ಟೆಪ್ನಿಗೆ ತಂತಿಯ ಅಚ್ಚು ಹಾಕಿ, ಅಂಟು ಮುಟ್ಟಿಸಬೇಡಿ.

ಈಗ ಅಳತೆ. ಗಾಡಿ 5.2 ಮೀಟರ್ ಉದ್ದ, 1.92 ಮೀಟರ್ ಅಗಲ, 2.48 ಮೀಟರ್ ಎತ್ತರ. 1:35ರಲ್ಲಿ, ಅಂದರೆ ನಿಜವಾದದ್ದರ 35ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡಿದರೆ ಸುಮಾರು 15 ಸೆಂ.ಮೀ., 5.5 ಸೆಂ.ಮೀ., 7 ಸೆಂ.ಮೀ. ಆಗುತ್ತದೆ. ಅಂಗೈ ಮೇಲೆ ಕೂರುವಷ್ಟು. ನಿಜವಾದದ್ದು ಏಳೂವರೆ ಟನ್ ತೂಗುತ್ತಿತ್ತು, ರಸ್ತೆಯಲ್ಲಿ ಗಂಟೆಗೆ 78 ಕಿ.ಮೀ. ಓಡುತ್ತಿತ್ತು.

ಅಷ್ಟು ವೇಗಕ್ಕೆ ಒಂದು ಕಾರಣ ತೆಳ್ಳನೆಯ ಕವಚ. ಒಡಲಿನ ತಗಡು 8.5 ಮಿ.ಮೀ. ಆಸುಪಾಸು. ನಮ್ಮ ಅಳತೆಗೆ ಕಾಲು ಮಿಲಿಮೀಟರ್, ಅಂದರೆ ಒಂದು ಪೋಸ್ಟ್‌ಕಾರ್ಡಿನ ದಪ್ಪ! ಇಡೀ ಒಡಲನ್ನು ಅಷ್ಟು ತೆಳುವಾಗಿ ಮಾಡಿದರೆ ಬಾಗಿಹೋಗುತ್ತದೆ. 1 ಮಿ.ಮೀ. ಪ್ಲಾಸ್ಟಿಕ್ ಶೀಟಿನಲ್ಲಿ ಮಾಡಿ. ಪಕ್ಕದ ಬಾಗಿಲನ್ನು ತೆರೆದು ತೋರಿಸುವುದಾದರೆ ಅದನ್ನು ಮಾತ್ರ ತೆಳು ಶೀಟಿನಲ್ಲಿ ಕತ್ತರಿಸಿ. ಬಾಗಿಲು ಮೇಲೊಂದು ಕೆಳಗೊಂದು ಎರಡು ಭಾಗ, ಮರೆಯಬೇಡಿ. ತಗಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದರು, ಏಟು ಬಿದ್ದ ತಗಡನ್ನು ಬಿಚ್ಚಿ ಬದಲಾಯಿಸಬಹುದಿತ್ತು. ಬೋಲ್ಟಿನ ತಲೆಗಳಿಗೆ ನಾನು ಬಿಳಿ ಫೆವಿಕಾಲನ್ನು ಸೂಜಿ ತುದಿಯಲ್ಲಿ ಚುಕ್ಕಿ ಇಡುತ್ತೇನೆ. ಬೇಜಾರಿನ ಕೆಲಸ. ಆದರೆ ಅದಿಲ್ಲದಿದ್ದರೆ ಗಾಡಿ ಸೋಪಿನ ಬಿಲ್ಲೆಯಂತೆ ಕಾಣುತ್ತದೆ.

ಚಕ್ರ ಜೋಡಿಸುವಾಗ ಜಾಸ್ತಿ ಜನ ತಪ್ಪು ಮಾಡುತ್ತಾರೆ. ಮುಂದಿನ ಚಕ್ರ ಮಾತ್ರ ತಿರುಗಿಸಿ ಹಿಂದಿನದನ್ನು ನೇರ ಬಿಡುತ್ತಾರೆ. ಇದರಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ, ನಾಲ್ಕಕ್ಕೂ ಸ್ಟಿಯರಿಂಗ್. ಮುಂದಿನವು ಎಡಕ್ಕೆ ತಿರುಗಿದರೆ ಹಿಂದಿನವು ಬಲಕ್ಕೆ. ಮುಂದಿನದು ಎಷ್ಟು, ಹಿಂದಿನದೂ ಅಷ್ಟೇ ತಿರುಗಿರಲಿ.

ಇನ್ನು ಈ ಗಾಡಿಯ ನಿಜವಾದ ಬುದ್ಧಿವಂತಿಕೆ. ಇದಕ್ಕೆ ಇಬ್ಬರು ಡ್ರೈವರ್. ಒಬ್ಬ ಮುಂದೆ, ಒಬ್ಬ ಹಿಂದೆ ಮುಖ ಮಾಡಿ ಕೂರುತ್ತಾನೆ. ಅವನಿಗೂ ಬೇರೆ ಸ್ಟಿಯರಿಂಗ್, ಹಿಂದಕ್ಕೆ ಓಡಲು 4 ಗೇರು. ಗಸ್ತು ಗಾಡಿ ಶತ್ರುವನ್ನು ನೋಡಿದ ಮೇಲೆ ಮಾಡಬೇಕಾದ ಕೆಲಸ ಒಂದೇ, ಬಂದ ದಾರಿಯಲ್ಲಿ ಓಡುವುದು. ಕಿರಿದಾದ ರಸ್ತೆಯಲ್ಲಿ ತಿರುಗಿಸುತ್ತಾ ಕೂತರೆ ಕಥೆ ಮುಗಿಯಿತು, ಅಲ್ವಾ? ಒಳಗಡೆ ಮಾಡುವವರು ಎರಡನೇ ಸ್ಟಿಯರಿಂಗ್ ಬಿಟ್ಟರೆ ಈ ಗಾಡಿಯನ್ನೇ ಬಿಟ್ಟಂತೆ. ಒಳಗೆ ಬಿಳಿ ಬಣ್ಣ. ಎಂಜಿನ್ ಕೂಡ ಹಿಂದುಗಡೆಯೇ.

ಗೋಪುರಕ್ಕೆ, ಅಂದರೆ ಗಾಡಿಯ ಮೇಲೆ ತಿರುಗುವ ಫಿರಂಗಿ ಗೂಡಿಗೆ ಬನ್ನಿ. ಇದಕ್ಕೂ ಮುಂಚಿನ ಎಬಿ 40ರ ಗೋಪುರದಲ್ಲಿ ಎರಡು ಮಷಿನ್ ಗನ್ ಇದ್ದವು, ಫಿರಂಗಿ ಇರಲಿಲ್ಲ. ಎಬಿ 41ಕ್ಕೆ ಎಲ್6/40 ಹಗುರ ಟ್ಯಾಂಕಿನ ಎಂಟು ಮೂಲೆಯ ಗೋಪುರವನ್ನೇ ಕೂರಿಸಿದರು. ಅದರಲ್ಲಿ ಬ್ರೇಡಾ ಕಂಪನಿಯ 20 ಮಿ.ಮೀ. ಫಿರಂಗಿ, ಪಕ್ಕದಲ್ಲಿ 8 ಮಿ.ಮೀ. ಬ್ರೇಡಾ 38 ಮಷಿನ್ ಗನ್. ಇನ್ನೊಂದು ಮಷಿನ್ ಗನ್ ಒಡಲಿನ ಹಿಂಭಾಗದಲ್ಲಿ, ಹಿಂದಿನ ಡ್ರೈವರ್ ಪಕ್ಕದವನ ಕೈಯಲ್ಲಿ. ಗೋಪುರದೊಳಗೆ ಒಬ್ಬನೇ. ಅವನೇ ಕಮಾಂಡರ್, ಅವನೇ ಗುಂಡು ತುಂಬುವವನು, ಅವನೇ ಹೊಡೆಯುವವನು. ನನ್ನ ಲೆಕ್ಕದಲ್ಲಿ ಈ ಗಾಡಿಯ ದೊಡ್ಡ ಕೊರತೆ ಇದೇ. ಆದ್ದರಿಂದ ಗೋಪುರದಲ್ಲಿ ಇಬ್ಬರ ಗೊಂಬೆ ಕೂರಿಸಬೇಡಿ.

ಫಿರಂಗಿಯ ನಳಿಗೆಗೆ ಪ್ಲಾಸ್ಟಿಕ್ ಕಡ್ಡಿ ಕೊರೆಯುವ ಸಾಹಸ ಬೇಡ. 20 ಮಿ.ಮೀ. ರಂಧ್ರ 1:35ಕ್ಕೆ 0.57 ಮಿ.ಮೀ. 20 ಗೇಜ್ ಇಂಜೆಕ್ಷನ್ ಸೂಜಿಯ ಒಳರಂಧ್ರ ಸುಮಾರು 0.6. ಹೇಳಿ ಮಾಡಿಸಿದ ಹಾಗಿದೆ! ಹೊಸ ಸೂಜಿ ತಗೊಳ್ಳಿ. ಚೂಪು ತುದಿಯನ್ನು ಚೂರುಚೂರೇ ಅರದಿಂದ ಉಜ್ಜಿ ಸಮ ಮಾಡಿ. ಕತ್ತರಿಯಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ, ತುಂಡು ಕಣ್ಣಿಗೂ ಹಾರಬಹುದು.

ಬ್ರೇಡಾ 38ಕ್ಕೆ ಮ್ಯಾಗಜೀನು ಮೇಲಿನಿಂದ ಸಿಕ್ಕಿಸುವುದು, ಒಂದಕ್ಕೆ 24 ಗುಂಡು. ಗಾಡಿಯಲ್ಲಿ ಒಟ್ಟು 1,992 ಗುಂಡು ಇರುತ್ತಿದ್ದವು, ಲೆಕ್ಕ ಹಾಕಿದರೆ 83 ಮ್ಯಾಗಜೀನು. ಫಿರಂಗಿಗೆ 456. ಒಳಗೆ ಎಷ್ಟು ಇಕ್ಕಟ್ಟಿತ್ತು ಅಂತ ಊಹಿಸಿ. ನಾನು ಹನ್ನೆರಡು ಮ್ಯಾಗಜೀನು ಮಾಡಿ ಸಾಕು ಅಂದುಕೊಂಡೆ.

ಬಣ್ಣ ಉತ್ತರ ಆಫ್ರಿಕಾದ ಮರಳಿನ ಖಾಕಿ. ನಂಬರ್ ಪ್ಲೇಟ್ ಬಿಳಿ, ಸೈನ್ಯದ ಗುರುತಿನ ಅಕ್ಷರಗಳು ಕೆಂಪು, ಅಂಕಿ ಕಪ್ಪು. ಧೂಳಿಗೆ ಸೀಮೆಸುಣ್ಣದ ಪುಡಿಯನ್ನು ಒಣ ಬ್ರಷ್‌ನಿಂದ ಚಕ್ರದ ಸುತ್ತ ಉಜ್ಜಿದರೆ ಆಯಿತು.

ಶೆಲ್ಫಿನಲ್ಲಿ ಹಿಂಭಾಗವನ್ನು ಗೋಡೆಗೆ ಒತ್ತಿ ಇಡಬೇಡಿ. ಸ್ವಲ್ಪ ಓರೆಯಾಗಿ ಇಡಿ, ಹಿಂದಿನ ಮಷಿನ್ ಗನ್ ಕಾಣಲಿ.