ಬ್ರಶ್ ಮಾಡಿಸುವಾಗ ಮಗುವಿನ ಎದುರು ನಿಲ್ಲಬೇಡಿ

ಉಡುಪಿ, ಮಂಗಳೂರು ಕಡೆಯ, ಅಂಗವೈಕಲ್ಯ ಇರುವ ಮಕ್ಕಳ ವಿಶೇಷ ಶಾಲೆಗಳಿಗೆ ಹಲ್ಲು ತಪಾಸಣೆಗೆ ಹೋದಾಗಲೆಲ್ಲ ಅಮ್ಮಂದಿರ ಹತ್ತಿರ ಒಂದು ಮಾತು ಕೇಳುತ್ತೇನೆ: "ಮನೆಯಲ್ಲಿ ಹೇಗೆ ಉಜ್ಜುತ್ತೀರೋ ಹಾಗೇ ಉಜ್ಜಿ ತೋರಿಸಿ." ಹೆಚ್ಚಿನವರು ಮಗುವಿನ ಎದುರು ನಿಂತು, ಒಂದು ಕೈಯಲ್ಲಿ ಗಲ್ಲ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ರಶ್ ತುರುಕುತ್ತಾರೆ. ಮಗು ತಲೆ ಹಿಂದಕ್ಕೆ ಎಳೆಯುತ್ತದೆ, ಬಾಯಿ ಬಿಗಿಯುತ್ತದೆ. ಎದುರಿನ ನಾಲ್ಕು ಹಲ್ಲು ಹೊಳೆಯುತ್ತವೆ, ದವಡೆ ಹಲ್ಲಿನ ಬುಡದಲ್ಲಿ ಬಿಸ್ಕತ್ತಿನ ಹಿಟ್ಟು ಹಾಗೇ ಅಂಟಿರುತ್ತದೆ. ಇದು ಅಸಡ್ಡೆ ಅಲ್ಲ. ಸರಿಯಾದ ಭಂಗಿಯನ್ನು ಯಾರೂ ತೋರಿಸಿಕೊಟ್ಟಿರುವುದಿಲ್ಲ, ಅಷ್ಟೆ.

ಸಾಮಾನು ಜಾಸ್ತಿ ಬೇಡ. ಸಣ್ಣ ತಲೆಯ ಮೆತ್ತನೆ ಬ್ರಶ್, ಒಂದು ಒದ್ದೆ ಬೈರಾಸು (ಟವೆಲ್), ಬೆಳಕಿಗೆ ಮೊಬೈಲ್ ಟಾರ್ಚ್. ಪೇಸ್ಟ್ ಕೊಳ್ಳುವಾಗ ಮಾತ್ರ ಡಬ್ಬಿಯ ಹಿಂಬದಿ ಓದಿ. ಹುಳುಕು ತಡೆಯುವ ಫ್ಲೋರೈಡ್ 1000 ಪಿಪಿಎಂ (ppm, ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಅಳತೆ) ಹತ್ತಿರ ಇರಬೇಕು. ಕಾರ್ಟೂನ್ ಚಿತ್ರ ಇರುವ ಎಷ್ಟೋ ಪೇಸ್ಟುಗಳಲ್ಲಿ ಅದು ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. 3 ವರ್ಷದ ಒಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಉಗುಳಲು ಬಾರದಿದ್ದರೆ ದೊಡ್ಡ ಮಗುವಿಗೂ ಅಕ್ಕಿಕಾಳಿನಷ್ಟೇ ಸಾಕು. ಆಟಿಸಂ ಇರುವ ಮಗುವಿಗೆ ಮಿಂಟ್ ಉರಿ ಅನಿಸಬಹುದು. ನೊರೆ ಕಡಿಮೆ, ಖಾರ ಇಲ್ಲದ್ದನ್ನು ಹುಡುಕಿ. ಉಮಿಕರಿ (ಸುಟ್ಟ ಭತ್ತದ ಹೊಟ್ಟು), ಕೆಂಪು ಹಲ್ಲುಪುಡಿ, ಇದ್ದಿಲಿನ ಪೇಸ್ಟ್ ಮೂರೂ ಬೇಡ. ಹಲ್ಲು ಸವೆಯುತ್ತದೆ. ನುಂಗಲು ಕಷ್ಟ ಇರುವ ಮಗುವಿಗೆ ಪುಡಿ ಉಸಿರಿನ ದಾರಿಗೂ ಹೋಗಬಹುದು.

ಇನ್ನು ಭಂಗಿ. ಬಚ್ಚಲಿನಲ್ಲೇ ಉಜ್ಜಬೇಕು ಅಂತ ಏನೂ ಇಲ್ಲ. ಚಾವಡಿ, ಸೋಫಾ, ಚಾಪೆ ಎಲ್ಲವೂ ಆಗುತ್ತದೆ. ಮಗುವನ್ನು ಕುರ್ಚಿಯಲ್ಲಿ ಕೂರಿಸಿ ನೀವು ಹಿಂದೆ ನಿಲ್ಲಿ. ಅದರ ತಲೆ ನಿಮ್ಮ ಎದೆಗೆ ಒರಗಲಿ. ಎಡಗೈಯನ್ನು ತಲೆಯ ಪಕ್ಕದಿಂದ ತಂದು ಗದ್ದದ ಕೆಳಗೆ ಇಡಿ. ಒತ್ತಬೇಡಿ, ಆಧಾರ ಕೊಟ್ಟರೆ ಸಾಕು. ಗಾಲಿಕುರ್ಚಿ ಇದ್ದರೆ ಬ್ರೇಕ್ ಹಾಕಿ ಹಿಂದಿನಿಂದ ಹೀಗೇ ಮಾಡಿ. ಚಿಕ್ಕ ಮಗುವಾದರೆ ಇಬ್ಬರು ದೊಡ್ಡವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಒಬ್ಬರ ಮಡಿಲಿನಲ್ಲಿ ತಲೆ, ಇನ್ನೊಬ್ಬರ ಕಡೆ ಕಾಲು ಬರುವಂತೆ ಮಲಗಿಸಿಕೊಳ್ಳಿ. ನುಂಗಲು ಕಷ್ಟ ಇದ್ದರೆ ಅಂಗಾತ ಮಲಗಿಸಲೇ ಬೇಡಿ. ತಲೆ ಎತ್ತರದಲ್ಲಿದ್ದು ಒಂದು ಪಕ್ಕಕ್ಕೆ ಸ್ವಲ್ಪ ವಾಲಿರಲಿ, ಗದ್ದ ಮೇಲಕ್ಕೆ ಏಳಬಾರದು. ಬಂದ ನೊರೆಯನ್ನು ಬೈರಾಸಿನಲ್ಲಿ ಒರೆಸುತ್ತಾ ಇರಿ.

ಬ್ರಶ್ ಒಳಗೆ ಹೋಗುವ ಮೊದಲು ಬೆರಳು ಹೋಗಬೇಕು. ತೋರುಬೆರಳನ್ನು ಕೆನ್ನೆಯ ಒಳಬದಿಗೆ, ಹಲ್ಲಿನ ಹೊರಗಡೆ ಜಾರಿಸಿ, ಕೆನ್ನೆಯನ್ನು ಹೊರಕ್ಕೆ ಎಳೆದು ಹಿಡಿಯಿರಿ. ಈಗ ದವಡೆ ಹಲ್ಲು ಕಣ್ಣಿಗೆ ಕಾಣುತ್ತದೆ, ಅಲ್ವಾ? ಬ್ರಶ್ಶನ್ನು ವಸಡಿನ ಕಡೆಗೆ ಓರೆಯಾಗಿ ಇಟ್ಟು, ಎರಡು ಹಲ್ಲಿನಷ್ಟು ಜಾಗದಲ್ಲೇ ಸಣ್ಣ ಸಣ್ಣ ಸುತ್ತು ಹಾಕಿ. ಮನೆಮಾತಿನಲ್ಲಿ ಗಟ್ಟಿಯಾಗಿ ಎಣಿಸಿ, ತುಳುವಾದರೆ ಒಂಜಿ, ರಡ್ಡ್, ಮೂಜಿ... ಹತ್ತಾದ ಕೂಡಲೇ ಬ್ರಶ್ ಹೊರಗೆ. ಮಗು ಇನ್ನೂ ಬಾಯಿ ತೆರೆದಿದ್ದರೂ ತೆಗೆಯಿರಿ. ಹತ್ತಕ್ಕೆ ಮುಗಿಯುತ್ತದೆ ಎಂಬ ನಂಬಿಕೆ ಬಂದ ಮೇಲೇ ಅದು ಮುಂದಿನ ಹತ್ತಕ್ಕೆ ಬಾಯಿ ಕೊಡುವುದು. "ಇನ್ನೊಂದೇ ಸಲ" ಅಂತ ಎಳೆದರೆ ಆ ನಂಬಿಕೆ ಹೋಯಿತು. ದಿನಾ ಒಂದೇ ಕಡೆಯಿಂದ ಶುರು ಮಾಡಿ, ಒಂದೇ ಕ್ರಮದಲ್ಲಿ ಮುಗಿಸಿ. ಬೆಳಿಗ್ಗೆ ಶಾಲೆಯ ವ್ಯಾನ್ ಬರುವ ಗಡಿಬಿಡಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ರಾತ್ರಿಯದ್ದನ್ನು ತಪ್ಪಿಸಬೇಡಿ.

ಕಚ್ಚುವ ಮಗುವಾದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಯಾವತ್ತೂ ಬೆರಳು ಇಡಬೇಡಿ. ಬ್ರಶ್ಶನ್ನೇ ಕಚ್ಚಿ ಹಿಡಿದರೆ ಎಳೆಯಬೇಡಿ, ಎಳೆದಷ್ಟೂ ದವಡೆ ಬಿಗಿಯುತ್ತದೆ. ಕೈ ಸಡಿಲ ಬಿಟ್ಟು ಕಾಯಿರಿ. ಒದ್ದೆ ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ಬದಿಯ ದವಡೆ ಹಲ್ಲುಗಳ ನಡುವೆ ಇಟ್ಟು ಇನ್ನೊಂದು ಬದಿ ಉಜ್ಜಬಹುದು. ಬಟ್ಟೆಯ ಉದ್ದನೆಯ ತುದಿ ಹೊರಗೆ ನಿಮ್ಮ ಕೈಯಲ್ಲೇ ಇರಬೇಕು. ಹಲ್ಲು ಅಲ್ಲಾಡುತ್ತಿರುವ ಕಡೆ ಇಡಬೇಡಿ. ವಸಡಿನಲ್ಲಿ ರಕ್ತ ಬಂತೆಂದು ಉಜ್ಜುವುದನ್ನೇ ನಿಲ್ಲಿಸುವವರಿದ್ದಾರೆ. ಹೆಚ್ಚಾಗಿ ಅದು ಕೊಳೆ ಕೂತು ವಸಡು ಊದಿದ್ದರ ಗುರುತು. ಮೆಲ್ಲಗೆ ಉಜ್ಜುತ್ತಾ ಹೋಗಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಔಷಧಿಯ ಕಡೆಗೂ ಗಮನ ಬೇಕು. ಹೆಚ್ಚಿನ ಸಿರಪ್‌ಗಳಲ್ಲಿ ಸಕ್ಕರೆ ಇರುತ್ತದೆ. ಉಜ್ಜಿ ಆದ ಮೇಲೆ ಸಿರಪ್ ಕೊಟ್ಟು ಮಲಗಿಸಿದರೆ ಉಜ್ಜಿದ್ದು ದಂಡ. ಮೊದಲು ಔಷಧಿ, ಆಮೇಲೆ ಬ್ರಶ್. ಸಕ್ಕರೆ ಇಲ್ಲದ್ದು ಸಿಗುತ್ತದಾ ಎಂದು ಡಾಕ್ಟರನ್ನು ಕೇಳಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದ ವಸಡು ಹಲ್ಲಿನ ಮೇಲೆ ಬೆಳೆಯಬಹುದು. ಹಾಗೆಂದು ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಇನ್‌ಹೇಲರ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು, ಆಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನೋವಿಗೆ ಲವಂಗದ ಎಣ್ಣೆ ಹಚ್ಚಬೇಡಿ, ವಸಡು ಸುಡಬಹುದು.

ಮೊದಲ ಹುಟ್ಟುಹಬ್ಬದ ಒಳಗೆ ಒಮ್ಮೆ ದಂತ ವೈದ್ಯರಿಗೆ ತೋರಿಸಿ. ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗವೇ ಇದೆ. ಮೊದಲೇ ಫೋನ್ ಮಾಡಿ ಮಗುವಿನ ಸ್ಥಿತಿ ಹೇಳಿ, ಬೆಳಗಿನ ಮೊದಲ ಹೊತ್ತು ಕೇಳಿ. ಮೊದಲ ದಿನ ಸುಮ್ನೆ ಕುರ್ಚಿಯಲ್ಲಿ ಕೂತು ಬಂದರೂ ಸಾಕು. ಔಷಧಿಗಳ ಚೀಟಿ ಮರೆಯಬೇಡಿ. ಹೃದಯದ ತೊಂದರೆ ಇದ್ದರೆ ಮೊದಲೇ ತಿಳಿಸಬೇಕು, ಡೌನ್ ಸಿಂಡ್ರೋಮ್ ಇರುವ ಹಲವು ಮಕ್ಕಳಿಗೆ ಅದು ಇರುತ್ತದೆ. ಹಲ್ಲು ಕೀಳುವ ಮುಂಚೆ ಕೆಲವರಿಗೆ ಆ್ಯಂಟಿಬಯಾಟಿಕ್ ಕೊಡಬೇಕಾಗುತ್ತದೆ. ಕೊರೆಯಲು ಬಿಡದ ಮಗುವಿಗೆ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವ ಔಷಧಿ ಹಚ್ಚಿ ಹುಳುಕು ಮುಂದುವರಿಯದಂತೆ ತಡೆಯಲು ನೋಡುತ್ತಾರೆ. ಆ ಜಾಗ ಕಪ್ಪಾಗುತ್ತದೆ, ಗಾಬರಿ ಬೇಡ.

ಮಾತು ಬಾರದ ಮಗು ನೋವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳುವುದು, ಕೈ ಕಚ್ಚುವುದು, ರಾತ್ರಿ ಎದ್ದು ಅಳುವುದು, ಇಷ್ಟದ ಗಂಜಿಯನ್ನೂ ದೂಡುವುದು ಕಂಡರೆ ಹಠ ಎಂದು ಬಿಡಬೇಡಿ. ಟಾರ್ಚ್ ಹಿಡಿದು ಬಾಯಿ ನೋಡಿ. ಮುಖ ಊದಿದ್ದರೆ, ಜ್ವರ ಇದ್ದರೆ ಅದೇ ದಿನ ಕರೆದುಕೊಂಡು ಹೋಗಿ.